ಹೆಸರು ಕೆರೆದ ತಂಬಿಗೆಗಳು

1961ನೆಯ ಇಸವಿ ಅಕ್ಟೋಬರ್ 29, ಭಾನುವಾರ. ನನ್ನ ದಿನಚರಿಯಲ್ಲಿ ಹೀಗಿದೆ: ‘ಹಬ್ಬಕ್ಕೆ ಪಾತ್ರೆಗಳಿಗೆ ಕಲಾಯಿ ಆಯಿತು. ಅತ್ತೆಯವರು ದಾವಲಸಾಬನ ಕಥೆ ಹೇಳಿದರು.’ ಅದು ಯಾವ ಇಸವಿಯಲ್ಲಿ ನಡೆದದ್ದು ಎಂದು ಪೆನ್ನು ಹಿಡಿದು ಕೇಳಿದೆ. ಅತ್ತೆ ನಕ್ಕು, “ಬಿ.ಎ. ಮಾಡಿದ ಸೊಸಿಗೆ ಇಸವಿ ಬೇಕಂತ ನೋಡ್ರೆವಾ! ಆವಾಗ ಹೊಳಿಗೆ ಸೇತುವೆ ಇರಲಿಲ್ಲ, ಅಷ್ಟ ಬರಕೊ” ಅಂದರು. ಬರೆದುಕೊಂಡೆ. ನಿಮಗೂ ಅಷ್ಟೇ ಹೇಳುತ್ತೇನೆ, ಕೇಳಿರಿ.

ಹೊಳೆಗೆ ಸೇತುವೆಯಿಲ್ಲದ ಕಾಲ, ಹೊಳೆಯ ದಂಡೆಗೆ ಇದೇ ನಮ್ಮ ಊರು. ದೀಪಾವಳಿ ಹತ್ತಿರ ಬಂದಾಗ ಕತ್ತೆಯ ಮೇಲೆ ತಿದಿ ಹೇರಿಕೊಂಡು ಕಲಾಯಿ ದಾವಲಸಾಬ ಬರುತ್ತಿದ್ದನಂತೆ. ಬೇವಿನ ಮರದ ಬುಡದಲ್ಲಿ ಕುಳಿ ತೋಡಿ ಇದ್ದಿಲು ಹೊತ್ತಿಸುತ್ತಿದ್ದನಂತೆ. ಅವನು ಕಲಾಯಿ ಹಾಕಿದ ಪಾತ್ರೆಯಲ್ಲಿ ಮುಖ ನೋಡಿಕೊಂಡರೆ ಸಿಡುಬಿನ ಕಲೆ ಕಾಣುತ್ತಿರಲಿಲ್ಲವಂತೆ.

ಆ ಕಾಲದಲ್ಲಿ ಹೊಟ್ಟೆ ಕೊಯ್ಯಿಸಬೇಕು ಅಂದರೆ ಹೊಳೆ ದಾಟಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ರೊಕ್ಕ, ಆಮೇಲೆ ಕತ್ತಿ. ಬಡವರು ಮನೆಯಲ್ಲೇ ಸಾಯುತ್ತಿದ್ದರು. ಹೆಂಗಸರ ಕೈಯಲ್ಲಿ ರೊಕ್ಕವಿರಲಿಲ್ಲ. ಇದ್ದದ್ದು ತಾಯಿಯ ಮನೆಯಿಂದ ತಂದ, ತಮ್ಮ ಹೆಸರು ಕೊರೆಸಿದ ತಾಮ್ರ ಹಿತ್ತಾಳೆ. ಊರಲ್ಲಿ ಯಾರಾದರೂ ಹಾಗೆ ಕಾಯಿಲೆ ಬಿದ್ದಿದ್ದರೆ ದಾವಲಸಾಬ ಬಾಗಿಲಲ್ಲಿ ನಿಂತು, “ಯಕ್ಕಾ, ಈ ಸಲ ಒಂದ ಹೆಚ್ಚಿಗಿ ಕೊಡ್ರಿ” ಅನ್ನುತ್ತಿದ್ದನಂತೆ. ಯಾರಿಗೆ, ಯಾಕೆ ಎಂದು ಹೆಂಗಸರು ಕೇಳುತ್ತಿರಲಿಲ್ಲವಂತೆ. ಆ ಒಂದು ತಂಬಿಗೆ ಮನೆಗೆ ಮರಳುತ್ತಿರಲಿಲ್ಲ, ಹೊಳೆಯಾಚೆ ಮಾರಿ ಆ ರೊಕ್ಕ ಆಸ್ಪತ್ರೆಗೆ ಕಟ್ಟುತ್ತಿದ್ದ. ಗಂಡಸರಿಗೆ ದನದ ಲೆಕ್ಕ ಗೊತ್ತಿತ್ತು, ನೆಲುವಿನ ಮೇಲಿನ ತಂಬಿಗೆಯದು ಗೊತ್ತಿರಲಿಲ್ಲ. ಏಳು ಊರಿನ ಕುರುಡರಿಗೆ ಕಣ್ಣು ಕೊಯ್ಯಿಸಿ ಬೆಳಕು ಕೊಟ್ಟ ಅನ್ನುತ್ತಾರೆ. ನನಗೆ ಒಬ್ಬ ಮುದುಕಿಯ ಹೆಸರು ಮಾತ್ರ ಸಿಕ್ಕಿದೆ.

ಒಮ್ಮೆ ಪೇಟೆಯಲ್ಲಿ ಮಾರಿದ ಬಿಂದಿಗೆ ಹೆಸರಿನ ಗುರುತಿನಿಂದ ಮನೆಗೆ ವಾಪಸು ಬಂತಂತೆ. ಆ ಮನೆಯ ಸೊಸೆಗೆ ಬಿದ್ದ ಏಟಿಗೆ ಅವಳ ಕೈ ಸೊಟ್ಟಗಾಯಿತಂತೆ. ಅಂದಿನಿಂದ ದಾವಲಸಾಬ ಮಾರುವ ಮೊದಲು ಪ್ರತಿಯೊಂದರ ಹೆಸರನ್ನೂ ಕೆರೆದು ತೆಗೆಯತೊಡಗಿದ.

ಒಂದು ವರ್ಷ ಮಡಿವಾಳರ ತಿಪ್ಪವ್ವನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಇನ್ನೂ ಗಂಡನ ಮನೆಗೆ ಹೋಗದ ಹುಡುಗಿ. ಊರವರು ಬಸುರಿ ಅಂದರು. ಡಾಕ್ಟರು ಗಡ್ಡೆ ಅಂದರು, ಸಂಕ್ರಾಂತಿಯೊಳಗೆ ಕೊಯ್ಯದಿದ್ದರೆ ಒಡೆಯುತ್ತದೆ ಅಂದರು. ದಾವಲಸಾಬ ಮನೆಮನೆಯ ಬಾಗಿಲಲ್ಲಿ ನಿಂತ. ಎಂದೂ ಬಾರದಷ್ಟು ಬಂತಂತೆ. ಎಲ್ಲಕ್ಕಿಂತ ದೊಡ್ಡ ಹಂಡೆ ಗೌಡರ ಹೆಂಡತಿಯದೇ ಅಂತೆ.

ಚೀಲಗಳನ್ನು ಕತ್ತೆಯ ಮೇಲೆ ಹೇರಿ ದೋಣಿಗೆ ಹೊರಟವನನ್ನು ಗೌಡರು ತಡೆದರು. ಚಾವಡಿಯಲ್ಲಿ ಚೀಲ ಸುರಿಸಿದರು.

“ಯಾರ ಮನೀವಲೇ ಇವು?”

“ನನ್ನವ್ರಿ, ಗೌಡ್ರ.”

“ನಿನ್ನವಾದ್ರ ಹೆಸರ ಯಾಕ ಕೆರದಿ? ನಿನ್ನ ಹೆಸರೇನು ಪಾರ್ವತವ್ವ ಅಂತೇನು?”

ಚಾವಡಿಯೆಲ್ಲ ನಕ್ಕಿತಂತೆ. ತಂಬಿಗೆ ಕಳೆದುಕೊಂಡವರು ಬಂದು ಗುರುತಿಸಿರಿ ಎಂದು ಡಂಗುರ ಹೊಡೆಸಿದರು. ಒಬ್ಬಳೂ ಬರಲಿಲ್ಲ. ನನ್ನದು ಅಂದರೆ ಅವನು ಕಳ್ಳನಾಗುತ್ತಾನೆ, ನಾನು ಕೊಟ್ಟೆ ಅಂದರೆ ತನ್ನ ಮನೆ ಉಳಿಯುವುದಿಲ್ಲ. ಎಲ್ಲರೂ ಬಾಗಿಲ ಹಿಂದೆ ನಿಂತರು. ಗೌಡತಿಯೂ ನಿಂತಳು. ಅವನು ಬಾಗಿಲುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲವಂತೆ. ನೋಡಿದರೆ ಗುರುತು ಹತ್ತೀತು ಎಂದು.

ಮಾಲಿಗೆ ಹಕ್ಕುದಾರರಿಲ್ಲ, ಆದ್ದರಿಂದ ಬೇರೆ ಊರಿನ ಕಳ್ಳಮಾಲು ಎಂದು ತೀರ್ಮಾನವಾಯಿತು. ಅವನನ್ನು ಸೆರೆಗೆ ಕಳಿಸಿದರು, ಪಾತ್ರೆಗಳಿಗೆ ಚಾವಡಿಯಲ್ಲಿ ಬೀಗ ಹಾಕಿದರು. ಆ ಚಾವಡಿಯ ಎದುರಿನ ಗುಡಿಸಲಲ್ಲೇ ತಿಪ್ಪವ್ವ ಚೀರುತ್ತ ಮಲಗಿದ್ದಳು. ಸಂಕ್ರಾಂತಿಗೆ ಮುಂಚೆ ಚೀರುವುದು ನಿಂತಿತು.

ಸೆರೆಯಿಂದ ಬಂದವನು ಬೇವಿನ ಮರದಡಿ ನಿಂತು, “ಹುಡುಗಿ ಹೆಂಗದಾಳ?” ಎಂದು ಕೇಳಿದನಂತೆ. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವಂತೆ. ಹೊಳೆಯ ಮೇಲೆ ನಡೆದುಕೊಂಡೇ ಹೋದ ಅನ್ನುವವರಿದ್ದಾರೆ. ಬೇಸಿಗೆ, ನೀರು ಮೊಳಕಾಲಿಗಿದ್ದಿರಬೇಕು. ಮತ್ತೆ ಬರಲಿಲ್ಲ ಎಂಬುದು ಮಾತ್ರ ನಿಜ.

ಇಂದಿಗೂ ನಮ್ಮೂರ ಹೆಣ್ಣಿಗೆ ಪಾತ್ರೆ ಕೊಡುವಾಗ ಒಂದು ತಂಬಿಗೆಗೆ ಹೆಸರು ಹಾಕಿಸುವುದಿಲ್ಲ. ಅದು ದಾವಲಸಾಬನ ತಂಬಿಗೆ. ಯಾರಿಗಾದರೂ ಆಪರೇಷನ್ ಅಂದಾಗ ಅದನ್ನು ಹಾಡುಹಗಲು ತಂದು ಬೇವಿನ ಕಟ್ಟೆಯ ಮೇಲೆ ಇಡುತ್ತಾರೆ. ಈಗಿನವರು ಅದರಲ್ಲಿ ನೋಟು ಹಾಕಿಡುತ್ತಾರೆ.

ಖರ್ಚಿನ ವಿವರ ಅತ್ತೆ ಹೇಳಿದಂತೆ ಬರೆದಿದ್ದೇನೆ. ಆಸ್ಪತ್ರೆ ಕೇಳಿದ್ದು ನೂರಾ ಇಪ್ಪತ್ತು ರೂಪಾಯಿ. ಚಾವಡಿಯ ಪಾತ್ರೆಗಳು ಹರಾಜಿನಲ್ಲಿ ನೂರಾ ನಲವತ್ತಕ್ಕೆ ಹೋದವು. ಆ ರೊಕ್ಕದಲ್ಲಿ ಚಾವಡಿಗೆ ಹೊಸ ಹೆಂಚು ಹೊದಿಸಿದರು. ದಾವಲಸಾಬನಿಗೆ ಒಂದೂವರೆ ವರ್ಷ ಸೆರೆ. ತಿಪ್ಪವ್ವನಿಗೆ ಹದಿನಾರು ವರ್ಷ.