ಪಿಕಳಾರದ ಬಾಲದಡಿಯ ತೊಂಡೆಹಣ್ಣು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಆಗತಾನೇ ಗೊತ್ತಾಗಿತ್ತು. ಆದರೆ ಅಂಗಡಿ ಮಾತ್ರ ಆಗಲೇ ಶುರುವಾಗಿತ್ತು.

ಅಂಗಡಿ ನವಿಲಣ್ಣನದು. ಆಗ ಅವನಿಗೆ ಈಗಿನಂಥ ಬಾಲವಿರಲಿಲ್ಲ. ಕೋಳಿಗಿರುವಷ್ಟು ಇತ್ತು, ಅಷ್ಟೆ. ವಾರಕ್ಕೊಂದು ದಿನ ಹುಣಸೆಮರದ ಕೆಳಗೆ ಸಂತೆ ಹಾಕುತ್ತಿದ್ದ. ಬಾಳೆ ಎಲೆಯ ಮೇಲೆ ಕೆಂಪು ಕೆಂಪು ಹಣ್ಣುಗಳನ್ನು ಸಾಲಾಗಿ ಜೋಡಿಸಿ, "ಏಳು ಬೆಟ್ಟದಾಚೆಯ ಹಣ್ಣು! ಏಳು ಬೆಟ್ಟದಾಚೆಯ ಹಣ್ಣು!" ಎಂದು ಕೂಗುತ್ತಿದ್ದ. ಅಷ್ಟು ದೂರದಿಂದ ಬಂದದ್ದು ಒಳ್ಳೆಯದೇ ಇರಬೇಕು ಎಂದು ಹಕ್ಕಿಗಳು ಕೊಳ್ಳುತ್ತಿದ್ದವು. ಆಗಿನ ಹಕ್ಕಿಗಳಿಗೆ ಅಷ್ಟೇ ಬುದ್ಧಿ.

ಬೆಲೆ ಕೊಡಬೇಕಾದದ್ದು ಮೈಮೇಲಿನ ಪುಕ್ಕದಲ್ಲಿ. ಒಂದು ಹಣ್ಣಿಗೆ ಒಂದು ಪುಕ್ಕ.

ಬೇಲಿಯಲ್ಲಿ ಗೂಡು ಕಟ್ಟಿಕೊಂಡಿದ್ದ ಪಿಕಳಾರ ಹಕ್ಕಿಯೂ ಅಲ್ಲೇ ಕೊಳ್ಳುತ್ತಿದ್ದಳು. ಮೈ ಕಂದು, ತಲೆ ಕಪ್ಪು, ತಲೆಯ ಮೇಲೊಂದು ಮೋಟು ಜುಟ್ಟು. ಎಲ್ಲರೂ ಅವಳನ್ನು ಜುಟ್ಟಕ್ಕ ಎಂದೇ ಕರೆಯುತ್ತಿದ್ದರು. ಬಾಲದ ಕೆಳಗೆ ಆಗ ಬರೀ ಬಿಳುಪು. ಗೂಡಿನಲ್ಲಿ ಮೂರು ಮರಿ. ಮೂರಕ್ಕೂ ಮೈಗಿಂತ ಬಾಯಿ ದೊಡ್ಡದು.

ಮೊದಲ ಸಂತೆಗೆ ಹಣ್ಣಿಗೊಂದು ಪುಕ್ಕ. ಮುಂದಿನ ಸಂತೆಗೆ ಎರಡು. ಅದರ ಮುಂದಿನದಕ್ಕೆ ನಾಲ್ಕು.

"ಏನಣ್ಣ ಇದು? ಹೋದ ವಾರ ಎರಡೇ ಇತ್ತಲ್ಲ?"

"ಹೋದ ವಾರದ್ದು ಹೋದ ವಾರಕ್ಕೇ ಹೋಯ್ತಕ್ಕ. ಹೊಳೆ ತುಂಬಿ ಹರೀತಿದೆ. ಸರಕು ದಾಟಿಸೋದು ಅಂದ್ರೆ ಹುಡುಗಾಟಾನಾ? ನಂಗೇನೂ ಉಳಿಯಲ್ಲ, ನಿಮ್ಮಾಣೆ."

ಏನೂ ಉಳಿಯದವನ ಬಾಲ ವಾರವಾರಕ್ಕೂ ಉದ್ದವಾಗುತ್ತಿತ್ತು.

ಜುಟ್ಟಕ್ಕ ಎದೆಯಿಂದ ಕಿತ್ತು ಕೊಟ್ಟಳು. ಬೆನ್ನಿನಿಂದ ಕಿತ್ತು ಕೊಟ್ಟಳು. ಅವಳ ಮೈ ಈಗಲೂ ಹುರುಪೆ ಹುರುಪೆಯಾಗಿ ಕಾಣುವುದು ಅದಕ್ಕೇ. ಮೊದಮೊದಲು ತಾನೂ ತಿನ್ನುತ್ತಿದ್ದಳು. ಆಮೇಲೆ ಮರಿಗಳಿಗೆ ಮಾತ್ರ ಸಾಕು ಎಂದಳು.

ಅವಳಿಗೆ ಬೇಲಿ ಚೊಕ್ಕಟವಾಗಿರಬೇಕು. ಯಾವುದೋ ಬಳ್ಳಿ ಅದಕ್ಕೆ ಹಬ್ಬಲು ನೋಡುತ್ತಿತ್ತು. ಐದು ಮೂಲೆಯ ಎಲೆ, ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಸುರುಳಿ ಕೈ. ಜುಟ್ಟಕ್ಕ ದಿನಾ ಬೆಳಿಗ್ಗೆ ಅದನ್ನು ಕಿತ್ತು ಬಿಸಾಡುತ್ತಿದ್ದಳು. ಅದು ಮತ್ತೆ ಬರುತ್ತಿತ್ತು. ಅವಳು ಮತ್ತೆ ಕೀಳುತ್ತಿದ್ದಳು. 'ಬೇಲಿಯದ್ದು' ಎಂದರೆ ಆ ಕಾಲದಲ್ಲಿ ಬೈಗುಳ. ಬೇಲಿಯದ್ದು ತಿನ್ನುವವರು ಎಂದರೆ ಗತಿಯಿಲ್ಲದವರು.

ಬೇಲಿಯ ಆಚೆ ಬದಿಯಲ್ಲಿ ಹರಟೆಮಲ್ಲ ಹಕ್ಕಿಗಳಿದ್ದರು. ಏಳು ಜನ ಅಕ್ಕತಂಗಿಯರು. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಬೆಲೆಯದೇ ಮಾತು.

"ಕಾಲ ಕೆಟ್ಟೋಯ್ತು ಕಣೇ!" ಎನ್ನುತ್ತಿದ್ದರು. ಕಾಲಕ್ಕೆ ಆಗ ಇನ್ನೂ ವಯಸ್ಸೇ ಆಗಿರಲಿಲ್ಲ.

ಐದನೇ ಸಂತೆ ಬಂತು.

"ಇವತ್ತಿಂದ ಪುಕ್ಕ ನಡೆಯಲ್ಲಕ್ಕ," ಎಂದ ನವಿಲಣ್ಣ. "ಹಣ್ಣಿಗೊಂದು ರೆಕ್ಕೆಗರಿ."

"ರೆಕ್ಕೆಗರಿ ಕೊಟ್ಟು ನಾನು ಹಾರೋದು ಹೇಗಣ್ಣ?"

"ನಡ್ಕೊಂಡು ಹೋಗಿ. ಮೈಗೆ ಒಳ್ಳೇದು."

ಜುಟ್ಟಕ್ಕ ಮೂರು ಮರಿಗಳನ್ನು ನೆನೆದಳು. ಸಂತೆಗೆ ಮೂರು ಗರಿಯಂತೆ ಕೊಡುತ್ತಾ ಹೋದರೆ ಮಳೆಗಾಲದ ಹೊತ್ತಿಗೆ ಹಾರಲಾಗುವುದಿಲ್ಲ. ಹಾರಲಾಗದ ತಾಯಿಯ ಗೂಡನ್ನು ಹಾವು ಹುಡುಕಿಕೊಂಡು ಬರುತ್ತದೆ. ಕೊಡದಿದ್ದರೆ ಹಾವು ಬರುವುದೂ ಬೇಕಿಲ್ಲ, ಹಸಿವೇ ಸಾಕು.

ಅವಳು ಬರಿಗೊಕ್ಕಿನಲ್ಲಿ ಹಿಂದಿರುಗಿದಳು. ಮನೆಗೆ ಹೋಗಲಿಲ್ಲ, ಹೊಳೆಗೆ ಹೋದಳು. ಹೊಳೆ ತುಂಬಿದೆ ಎಂದನಲ್ಲ, ಹೊಳೆಯನ್ನೇ ಕೇಳಿಬಿಡೋಣ ಎಂದುಕೊಂಡಳು. ಅಂಗಡಿಯವನು ಹೇಳಿದ್ದು ನಿಜವೋ ಎಂದು ಹೋಗಿ ನೋಡಿದವರಲ್ಲಿ ಲೋಕಕ್ಕೆ ಅವಳೇ ಮೊದಲಿಗಳು.

"ಹೊಳೆಯಮ್ಮ, ನೀನು ತುಂಬಿ ಹರೀತಿದೀಯಂತೆ?"

"ನಾನಾ?" ಹೊಳೆಗೆ ನಗು ಬಂತು, ನಗುವುದಕ್ಕೆ ಬೇಕಾದಷ್ಟು ನೀರಿರಲಿಲ್ಲ. "ನೋಡೇ ಇಲ್ಲಿ. ಕಪ್ಪೆ ಕೂಡ ನನ್ನನ್ನ ನಡ್ಕೊಂಡೇ ದಾಟ್ತಿದೆ."

"ನವಿಲಣ್ಣ ಸರಕು ದಾಟಿಸೋಕೆ ಕಷ್ಟ ಅಂತಿದ್ದ."

"ಅವನು ಒಂದು ದಿನವೂ ನನ್ನ ದಾಟಿಲ್ಲ. ಈ ದಡದ ಪೊದೆಗೆ ನುಗ್ತಾನೆ, ಕಿತ್ಕೊಂಡು ಹೋಗ್ತಾನೆ."

"ಮತ್ತೆ ಏಳು ಬೆಟ್ಟ?"

"ಇಲ್ಲೊಂದು ಹುತ್ತ ಇದೆ. ಅದನ್ನ ಏಳು ಸಲ ಸುತ್ತಿದ್ದರೂ ಸುತ್ತಿರಬಹುದು."

ಜುಟ್ಟಕ್ಕ ಪೊದೆಗೆ ಹೋಗಿ ನೋಡಿದಳು. ಅವನು ಕಾಯಿ, ಹಣ್ಣು ಒಂದನ್ನೂ ಬಿಟ್ಟಿರಲಿಲ್ಲ. ಬಳ್ಳಿ ಮಾತ್ರ ಉಳಿದಿತ್ತು. ಐದು ಮೂಲೆಯ ಎಲೆ. ಸುರುಳಿ ಕೈ.

"ಅಯ್ಯೋ, ಇದು ನಾನು ಬೆಳಿಗ್ಗೆ ಕಿತ್ತ ಕಸ!"

ಹಣ್ಣನ್ನು ಬಾಳೆ ಎಲೆಯ ಮೇಲೆ ಎಷ್ಟೋ ಸಲ ಕಂಡಿದ್ದಳು. ಬಳ್ಳಿಯ ಮೇಲೆ ಒಂದು ಸಲವೂ ಕಂಡಿರಲಿಲ್ಲ.

"ನಮ್ಮ ಬೇಲಿಗೆ ಇದನ್ನ ಯಾರಮ್ಮ ಬಿತ್ತಿದ್ದು?"

"ನೀನೇ," ಎಂದಳು ಹೊಳೆ.

"ನಾನಾ? ಯಾವಾಗ?"

"ದಿನಾ ಬೆಳಿಗ್ಗೆ. ಹಣ್ಣು ತಿಂದ ಮಾರನೇ ದಿನ, ಬೇಲಿ ಮೇಲೆ ಕೂತು. ಇನ್ನೂ ಬಿಡಿಸಿ ಹೇಳಬೇಕಾ?"

ಬೇಡ ಎಂದಳು ಜುಟ್ಟಕ್ಕ.

"ನಿನ್ನ ಕಡೆಯದನ್ನ ಕಿತ್ತೆ, ಸರಿ. ಬೇಲಿಯ ಆ ಕಡೆ ನೋಡಿದೀಯಾ?"

ಜುಟ್ಟಕ್ಕ ಹಾರಿದಳು. ಆಚೆ ಬದಿಯಲ್ಲಿ ಏಳು ಹರಟೆಮಲ್ಲರು ಸಾಲಾಗಿ ಕೂತಿದ್ದರು.

"ಬಾ ಜುಟ್ಟಕ್ಕ, ಕೇಳಿದ್ಯಾ? ರೆಕ್ಕೆಗರಿ ಅಂತೆ! ಬದುಕೋದು ಹೆಂಗೆ ಅಂತೀನಿ!"

"ಸ್ವಲ್ಪ ಕಾಲೆತ್ತಿ," ಎಂದಳು ಜುಟ್ಟಕ್ಕ.

ಏಳೂ ಜನ ಕಾಲೆತ್ತಿದರು. ಅವರ ಕಾಲಡಿ ಬಳ್ಳಿ ದಟ್ಟವಾಗಿ ಹಬ್ಬಿತ್ತು. ಎಲೆಗಳ ನಡುವೆ ಹಸಿರು ಕಾಯಿ, ಹಸಿರು ಕಾಯಿಗಳ ನಡುವೆ ಕೆಂಪು ಹಣ್ಣು. ಇಷ್ಟು ದಿನ ಅದರ ಮೇಲೆಯೇ ಕೂತು ಅದರ ಬೆಲೆಯ ಮಾತಾಡಿದ್ದರು.

ಹರಟೆಮಲ್ಲರು ಸುಮ್ಮನಾದದ್ದು ಅದೊಂದೇ ಸಲ. ಅದೂ ತುಂಬ ಹೊತ್ತೇನಲ್ಲ.

"ಛೀ, ಬೇಲಿಯದ್ದು ತಿಂತೀಯೇನೇ?" ಎಂದಳು ಹಿರಿಯಳು.

"ತಿಂತೀನಿ. ಬೇಲಿ ನಮ್ಮದು."

ಮರಿಗಳು ತಿಂದವು. ಏಳು ಬೆಟ್ಟದಾಚೆಯ ರುಚಿಯೇ ಇತ್ತು. ಸ್ವಲ್ಪ ಹೊತ್ತಿಗೆ ಹರಟೆಮಲ್ಲರೂ ತಿಂದರು, ಬೇರೆ ಕಡೆ ನೋಡಿಕೊಂಡು.

ಮುಂದಿನ ಸಂತೆಗೆ ಜುಟ್ಟಕ್ಕ ಹೋಗಲಿಲ್ಲ. ಹರಟೆಮಲ್ಲರೂ ಹೋಗಲಿಲ್ಲ. ಬಿಸಿಲೇರುವವರೆಗೆ ಕಾದು ನವಿಲಣ್ಣ ತಾನೇ ಬಂದ. ಅಷ್ಟುದ್ದದ ಬಾಲವನ್ನು ದೂಳಿನಲ್ಲಿ ಎಳೆದುಕೊಂಡು ಬಂದ.

ಬೋಳಾದ ಪೊದೆಯನ್ನು ಜುಟ್ಟಕ್ಕ ಕಂಡಿದ್ದಳು. ಇವನ ಕಣ್ಣಿಗೆ ಬಿದ್ದರೆ ಈ ಬಳ್ಳಿಯೂ ಬೋಳು, ಮರಿಗಳ ಬಾಯಿಗೆ ಮಣ್ಣು. ಹಸಿರು ಕಾಯಿಗಳು ಎಲೆಯ ಮರೆಯಲ್ಲಿ ಕಾಣುವುದಿಲ್ಲ. ಆದರೆ ಬೇಲಿಯ ತುದಿಯಲ್ಲಿ ಒಂದೇ ಒಂದು ಹಣ್ಣು ಕೆಂಪಗೆ ಮಾಗಿ ಕೂತಿತ್ತು.

ಜುಟ್ಟಕ್ಕ ಹೋಗಿ ಅದರ ಮೇಲೆ ಕೂತಳು.

"ಏನಕ್ಕ, ಸಂತೆ ಕಡೆ ಬರಲೇ ಇಲ್ಲ?"

"ಹಸಿವಿರಲಿಲ್ಲ."

"ಕೆಳಗೇನೋ ಇಟ್ಕೊಂಡಿದೀರಲ್ಲ?"

"ಮೊಟ್ಟೆ."

"ಗೂಡು ಅಲ್ಲಿದೆ, ಮೊಟ್ಟೆ ಇಲ್ಲಾ? ಏಳಿ ನೋಡೋಣ."

ಅವಳು ಇನ್ನಷ್ಟು ಒತ್ತಿ ಕೂತಳು. ಮಾಗಿದ ಹಣ್ಣು ಎಷ್ಟು ತಡೆದೀತು? ಪಚಕ್ ಎಂದಿತು. ಕೆಂಪು ರಸ ಬೇಲಿಯಿಂದ ತೊಟ್ಟಿಕ್ಕಿತು.

"ಜುಟ್ಟಕ್ಕಾ, ಹಿಂದೆ ನೋಡ್ಕೊಳ್ಳೇ!" ಎಂದು ಕಿರುಚಿದರು ಏಳೂ ಜನ. ಗುಟ್ಟು ಕಾಯುವ ಕೆಲಸ ಅವರಿಗೆ ಒಗ್ಗುವಂಥದ್ದಲ್ಲ.

ನವಿಲಣ್ಣನಿಗೆ ಎಲ್ಲವೂ ಕಂಡಿತು. "ಓಹೋ! ಬೀಜ ನಮ್ಮ ಅಂಗಡಿದು. ಬೀಜ ನಂದಾದ ಮೇಲೆ ಬಳ್ಳಿನೂ ನಂದೇ."

ಜುಟ್ಟಕ್ಕ ಎದ್ದು ನಿಂತಳು. ಇನ್ನು ಬಚ್ಚಿಡುವುದೇನೂ ಉಳಿದಿರಲಿಲ್ಲ. "ಹಣ್ಣು ಕೊಂಡಾಗ ಬೀಜಕ್ಕೂ ಸೇರಿಸೇ ಪುಕ್ಕ ಕೊಟ್ಟಿದೀನಣ್ಣ. ವಾಪಸ್ ಬೇಕಂತ ಒಂದು ಸಲವಾದ್ರೂ ಹೇಳಿದ್ಯಾ? ಬೇಕಾದ್ರೆ ಇಲ್ಲಿ ಅಂಟಿದೆ. ಒರೆಸ್ಕೊಂಡು ಹೋಗು."

ಅವಳು ಬಾಲವೆತ್ತಿ ತೋರಿಸಿದಳು. ಹರಟೆಮಲ್ಲರು ಬಿದ್ದು ಬಿದ್ದು ನಕ್ಕರು.

ನವಿಲಣ್ಣ ಸಿಟ್ಟಿನಿಂದ ಬಳ್ಳಿಗೆ ನುಗ್ಗಿದ. ಕೊಕ್ಕು ಒಳಗೆ ಹೋಯಿತು, ಕತ್ತು ಹೋಯಿತು. ಬಾಲ ಹೋಗಲಿಲ್ಲ. ಎದೆಯ ಪುಕ್ಕ, ಬೆನ್ನಿನ ಪುಕ್ಕ, ಊರಿನವರಿಂದೆಲ್ಲ ಕಿತ್ತು ಸೇರಿಸಿದ ಪುಕ್ಕ, ಎಲ್ಲವೂ ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಮುಂದೆ ಹೋಗುವಂತಿಲ್ಲ, ಹಾರುವಂತಿಲ್ಲ. ಬಿಡಿಸಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು.

"ನಡ್ಕೊಂಡು ಹೋಗಣ್ಣ," ಎಂದಳು ಜುಟ್ಟಕ್ಕ. "ಮೈಗೆ ಒಳ್ಳೇದು."

ಅವನು ನಡೆದುಕೊಂಡೇ ಹೋದ.

ಜುಟ್ಟಕ್ಕ ಹೊಳೆಗೆ ಹೋಗಿ ತೊಳೆದುಕೊಂಡಳು. ಕೆಂಪು ಹೋಗಲಿಲ್ಲ. "ಬಣ್ಣ ಕೂತುಬಿಟ್ಟಿದೆ ಕಣೇ," ಎಂದಳು ಹೊಳೆ. ಇರಲಿ ಬಿಡು ಎಂದು ಜುಟ್ಟಕ್ಕ ಆ ಬೇಲಿಗೆ ಹಾರಿ ಒರೆಸಿಕೊಂಡಳು, ಈ ಬೇಲಿಗೆ ಹಾರಿ ಒರೆಸಿಕೊಂಡಳು. ಬಣ್ಣ ಅವಳಲ್ಲೇ ಉಳಿಯಿತು. ಬೀಜ ಬೇಲಿ ಬೇಲಿಗೂ ಬಿತ್ತು. ಮಳೆ ಬಂದಾಗ ಊರಿನ ಬೇಲಿಯೆಲ್ಲ ತೊಂಡೆ. ಸಂತೆಯ ಹುಣಸೆಮರದ ಕೆಳಗೆ ಬರೀ ಹುಣಸೆ ಎಲೆ. ಅಮ್ಮನ ಕೆಂಪು ಮರಿಗಳಿಗೆ ಹೇಗೆ ಬಂತು ಎಂದು ಕೇಳಬೇಡಿ. ಅವೂ ಅದೇ ಬೇಲಿಯಲ್ಲಿ ಕೂತು ತಿಂದು ದೊಡ್ಡವಾದವು.

ನವಿಲಣ್ಣ ಇವತ್ತಿಗೂ ಮೋಡ ಕಂಡ ತಕ್ಷಣ ಗರಿ ಹರಡಿ ಅಂಗಡಿ ತೆರೆಯುತ್ತಾನೆ. ಎಲ್ಲರೂ ನಿಂತು ನೋಡುತ್ತಾರೆ, ಯಾರೂ ಏನನ್ನೂ ಕೊಳ್ಳುವುದಿಲ್ಲ. ನಿಮ್ಮ ಬೇಲಿಯ ಮೇಲೆ ಜುಟ್ಟಿನ ಹಕ್ಕಿಯೊಂದು ಕೂತು, ಬಾಲವೆತ್ತಿ, ಕೆಂಪು ತೋರಿಸಿ ಹಾರಿಹೋದರೆ, ಅದು ಕೂತಿದ್ದ ಜಾಗದ ಕೆಳಗೆ ಬಗ್ಗಿ ನೋಡಿ: ಯಾರೂ ನೆಡದ ತೊಂಡೆಬಳ್ಳಿಯೊಂದು ಅಲ್ಲಿ ಐದು ಮೂಲೆಯ ಎಲೆ ಬಿಚ್ಚುತ್ತಿರುತ್ತದೆ.