ಮಣ್ಣಿನ ಸಾಲುಮನೆಗಳೂ ಮಂತ್ರಿಯ ಹಾರೆಯೂ

ಗದ್ದಲ ಸಾಕು, ಹತ್ತಿರ ಬಂದು ಕೂತುಕೊಳ್ಳಿ. ಬಯಲುಸೀಮೆಯ ಒಂದು ರಾಜ್ಯದಲ್ಲಿ ಒಬ್ಬ ದೊರೆ ಇದ್ದ, ಅವನಿಗೊಬ್ಬ ಮಂತ್ರಿ ಇದ್ದ. ದೊರೆ ಒಳ್ಳೆಯವನೇ. ಮಂತ್ರಿಗೆ ಮಾತ್ರ ಜಂಬ ಜಾಸ್ತಿ.

ಕೋಟೆಯ ಬುಡದಲ್ಲಿ ಮೂರು ಮಣ್ಣಿನ ಮನೆಗಳು ಸಾಲಾಗಿ ಇದ್ದವು. ಕೋಟೆಗಿಂತಲೂ ಹಳೆಯವು. ದಪ್ಪ ಗೋಡೆ, ಗಿಡ್ಡ ಬಾಗಿಲು, ಮಣ್ಣು ಹಾಕಿದ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಎರಡು ಮನೆಗಳ ನಡುವೆ ಒಂದೇ ಗೋಡೆ, ಇಬ್ಬರ ತೊಲೆಗಳೂ ಅದರ ಮೇಲೆಯೇ. ಅಂಥ ಗೋಡೆ ಕೆಡವಬೇಕಾದರೆ ಮೊದಲ ಹಾರೆ ಏಟನ್ನು ಪಕ್ಕದ ಮನೆಯವರೇ ಹಾಕಬೇಕು. ಅದು ಊರ ಕಟ್ಟಳೆ. ಸಾಲಿನ ಆ ತುದಿಗೆ ಮಂತ್ರಿಯ ಮಹಡಿ ಇತ್ತು.

ಮಂತ್ರಿ ದೊರೆಯ ಕಿವಿ ಊದಿದ. ಪರದೇಶದ ರಾಜರು ಬಂದರೆ ಈ ಮಣ್ಣು ಮನೆ ನೋಡಿ ನಗುತ್ತಾರೆ, ಕೆಡವಿ ಕಲ್ಲಿನ ಮಹಲು ಕಟ್ಟೋಣ ಎಂದ. ದೊರೆ ಯೋಚಿಸಿ, ಆಗಲಿ, ಆದರೆ ಊರ ಕಟ್ಟಳೆ ಮೀರಬಾರದು ಎಂದ.

ಈ ತುದಿಯ ಮನೆ ಬಾಳವ್ವನದು. ಅವಳು ಸೊಸೆಯಾಗಿ ಕಾಲಿಟ್ಟ ಮನೆ. ಅತ್ತೆ ಸಾರಿಸಿದ ಮಣ್ಣಿನ ಮೇಲೆ ಇವಳು ಸಾರಿಸಿದ ಮಣ್ಣು. ಮಂತ್ರಿ ಹಾರೆ ಹಿಡಿಸಿಕೊಂಡು ಅವಳ ಬಾಗಿಲಿಗೆ ಬಂದ. ಮುದುಕಿ ಅಳಲಿಲ್ಲ. ಈ ಗೋಡೆಯಲ್ಲಿ ನೇಕಾರ ತಿಪ್ಪಣ್ಣನ ಪಾಲಿದೆ, ಅವನನ್ನು ಕೇಳಿ ಎಂದಳು.

ಮಂತ್ರಿ ತಿಪ್ಪಣ್ಣನ ಬಳಿ ಹೋದ. ಈ ಗೋಡೆ ಬಿದ್ದರೆ ನನ್ನ ಮಾಳಿಗೆಯೂ ಬೀಳುತ್ತದೆ, ಮೊದಲು ನನ್ನ ಮನೆಯನ್ನೇ ಬಿಚ್ಚಿ, ಅದರ ಆಚೆ ಗೋಡೆಯಲ್ಲಿ ಗಾಣಿಗರ ಈರಪ್ಪನ ಪಾಲಿದೆ, ಅವನನ್ನು ಕೇಳಿ ಎಂದ ತಿಪ್ಪಣ್ಣ.

ಮಂತ್ರಿ ಈರಪ್ಪನ ಬಳಿ ಹೋದ. ಅವನೂ ಅದೇ ರಾಗ ಹಾಡಿದ. ಮೊದಲು ನನ್ನ ಮನೆ ಬಿಚ್ಚಿ ಎಂದ.

ಅಷ್ಟರಲ್ಲಿ ದೊರೆ ಬಂದ, ಊರೂ ಸೇರಿತು. ಮಂತ್ರಿ ಸಿಡುಕಿದ. "ನಿನ್ನ ಆಚೆ ಗೋಡೆಯಲ್ಲಿ ಪಾಲು ಯಾರದು? ಕರಿ ಅವನನ್ನ."

ಈರಪ್ಪ ಬಾಯಿ ತೆರೆಯುವ ಮೊದಲೇ ಬಾಳವ್ವ ಹಾರೆ ಎತ್ತಿ ಮಂತ್ರಿಯ ಕೈಗೇ ಕೊಟ್ಟಳು.

"ನಿಮ್ಮದೇ ಐತ್ರೀ ಯಪ್ಪಾ. ಮಹಡಿ ಕಟ್ಟೂವಾಗ ಮೂರೇ ಗ್ವಾಡಿ ಎಬ್ಬಿಸಿದ್ರಿ. ನಾಕನೇದು ಈರಪ್ಪನ ಮಣ್ಣಿನ ಗ್ವಾಡಿ. ಮ್ಯಾಲ ಸುಣ್ಣ ಬಳದೀರಿ, ಅಷ್ಟ. ಹಾಕ್ರಿ ಏಟು."

ಜುಗ್ಗತನ ಮಾಡಿ ಕಟ್ಟಿದ್ದನ್ನು ಸುಣ್ಣ ಮುಚ್ಚಿತ್ತು, ಮಂತ್ರಿ ತಾನೇ ಮರೆತಿದ್ದ. ಗೋಡೆ ನೋಡಿದ, ಅದರ ಮೇಲೆ ಕೂತ ತನ್ನ ಮಹಡಿ ನೋಡಿದ, ದೊರೆಯ ಮುಖ ನೋಡಿದ. ಹಾರೆ ಕೆಳಗಿಟ್ಟ. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು.

ದೊರೆ ತಲೆ ಬಗ್ಗಿಸಿ ಬಾಳವ್ವನ ಮನೆಯೊಳಗೆ ಹೋದ. ಹೊರಗೆ ಕಲ್ಲು ಸಿಡಿಯುವ ಬಿಸಿಲು, ಒಳಗೆ ತಂಪು. ಗೋಡೆಯ ಮೇಲೆ ಕೈಯಿಟ್ಟು ನೋಡಿದ.

"ಮಹಲು ಎಲ್ಲ ರಾಜರ ಊರಲ್ಲೂ ಇದೆ. ನಮ್ಮ ಹಿರಿಯರ ಕೈಗೆಲಸ ಇಲ್ಲಿ ಮಾತ್ರ ಇದೆ. ಬಂದವರಿಗೆ ಮೊದಲು ಇದನ್ನೇ ತೋರಿಸೋಣ" ಎಂದ.

ಆಮೇಲೆ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವಾಗ ಬುಟ್ಟಿ ಹೊರುವ ಕೆಲಸ ಮಂತ್ರಿಯದೇ ಆಯಿತು. ಬಾಳವ್ವ ಮೇಲೆ ನಿಂತು ಇನ್ನೊಂದು ಬುಟ್ಟಿ, ಇನ್ನೊಂದು ಬುಟ್ಟಿ ಎನ್ನುತ್ತಿದ್ದಳು.

ತಿಳೀತಾ ಮಕ್ಕಳೇ? ಹಿರಿಯರ ಸಣ್ಣ ಮನೆಯನ್ನು ಹೀಗಳೆಯಬೇಡಿ. ದೊಡ್ಡ ಮನೆ ನಿಂತಿರುವುದು ಅದರ ಆಸರೆಯಲ್ಲೇ.