ಆಟದ ಪೀರಿಯಡ್ಡಿನ ಬೆಲೆ

ಜೂನ್ ಹದಿನೇಳು, ಸೋಮವಾರ. ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಶಾಲೆಯ ಕಾರ್ಯದರ್ಶಿ ಪುಟ್ಟಬಸವಯ್ಯನವರು ವೇಳಾಪಟ್ಟಿ ಹಾಕುವ ವಿಶಾಲಾಕ್ಷಿ ಟೀಚರಿಗೆ ಅಪ್ಪಣೆ ಕೊಟ್ಟರು: "ನಾಯಕತ್ವ ತರಬೇತಿಗೆ ವಾರಕ್ಕೊಂದು ಪೀರಿಯಡ್ ಬೇಕು. ಪಾಠ ಮುಟ್ಟಬೇಡಿ, ಆಟ ಕಿತ್ತುಹಾಕಿ."

ಮಕ್ಕಳಿಗೆ ವಾರಕ್ಕೆ ಇದ್ದದ್ದೇ ಅದೊಂದು ಆಟ. ಟೀಚರಿಗೆ ಮೈಯೆಲ್ಲ ಉರಿಯಿತು.

"ಆಟ ಯಾಕೆ ಸಾರ್? ಸೋಮವಾರ ಪ್ರಾರ್ಥನೆ ಆದಮೇಲೆ ಮುಕ್ಕಾಲು ಗಂಟೆ ಇದೆಯಲ್ಲ. ಆಗ ಮಕ್ಕಳೇ ಸಭೆ ನಡೆಸಲಿ, ಮಕ್ಕಳೇ ಮಾತಾಡಲಿ."

"ಅದು ನನ್ನ ಭಾಷಣದ ಹೊತ್ತು ಕಣಮ್ಮಾ!"

"ಹೌದು ಸಾರ್. ಮಕ್ಕಳು ಬಿಸಿಲಲ್ಲಿ ನಿಂತು ತಲೆಸುತ್ತಿ ಬೀಳೋ ಹೊತ್ತೂ ಅದೇ. ನೀವು ಮುಟ್ಟಬೇಡಿ ಅಂದ ಪಾಠವಂತೂ ಅದಲ್ಲ."

ಕಾರ್ಯದರ್ಶಿಗಳ ಮುಖ ಕೆಂಪಾಯಿತು. ಆದರೆ ತರಬೇತಿಯ ವಿಷಯವನ್ನು ಪೋಷಕರಿಗೆಲ್ಲ ಸಾರಿಬಿಟ್ಟಿದ್ದರು, ಹಿಂದೆಗೆಯುವಂತಿರಲಿಲ್ಲ; ನನ್ನ ಭಾಷಣ ಉಳಿಸಲು ಮಕ್ಕಳ ಆಟ ಕಿತ್ತೆ ಎಂದು ಅವರಿಗೆ ಹೇಳುವಂತೆಯೂ ಇರಲಿಲ್ಲ.

ಮುಂದಿನ ಸೋಮವಾರ ಪ್ರಾರ್ಥನೆ ಮುಗಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು, ಮೈಕು ಹಿಡಿದು ನಿಂತಿದ್ದ ಕಾರ್ಯದರ್ಶಿಗಳತ್ತ "ಕೂತ್ಕೊಳ್ಳಿ ಸಾರ್," ಎಂದು ಕೈ ಚಾಚಿದಳು. ಆಟ ಉಳಿಯಿತು. ನಾಯಕತ್ವಕ್ಕೆ ಪುಟ್ಟಬಸವಯ್ಯನವರು ತೆತ್ತದ್ದು ತಮ್ಮ ಮೈಕು.